ಬೀಗರ ಮೀನಿಗೆ ಎಂಥಾ ಕೋಲು

ನಾ ಭೀಮಾ ನದಿ ದಂಡಿಗೆ ಹೋದ್ನಿ ಅಂದ್ರ ಏನಾರ ಒಂದು ಆಗೇ ಆಗ್ತದ. ಮೀನ ಸಿಗೋದೊಂದು ಬಿಟ್ಟು.

ನಾ ಯಾರಂತ ಅಫಜಲಪೂರದಾಗ ಯಾರನ್ನ ಬೇಕಾದ್ರ ಕೇಳ್ರಿ. ಹೊಲದಾಗ ಪಂಪ್‌ಸೆಟ್ ಮೋಟರ್ ಸುಟ್ಟಿತಂದ್ರ ಮಂದಿ ಮೊದಲು ನನಗ ಹೇಳ್ತಿದ್ರು, ಆಮ್ಯಾಲ ಹೆಂಡ್ತಿಗೆ ಹೇಳ್ತಿದ್ರು. ಸಾಲಿ ಕಟ್ಟಿ ಹತ್ತಿದವ ಅಲ್ಲ ನಾ. ಖರೆ ಸುಟ್ಟ ವಾಸನಿ ಮ್ಯಾಲೇ ಯಾವ ಕಾಯಿಲ್ ಹೋಗ್ಯಾದಂತ ಹೇಳ್ತಿದ್ನಿ. ಅದಕ ಎಲ್ಲರೂ ಉಸ್ತಾದ ಅಂತಾರ. ಈಗ ಅಂಗಡಿ ತಮ್ಮನ ಕೈಗೆ ಕೊಟ್ಟು ಮೀನಿನ ಹಿಂದ ಬಿದ್ದೇನಿ.

ಅದೂ ಎರಿಹುಳದ ಮೀನಗಾರಿಕಿ ಅಲ್ಲ. ಕ್ರ್ಯಾಂಕ್‌ಬೈಟ್ ಅಂತ ಮೊಬೈಲ್‌ನಾಗ ನೋಡಿ ಹುಚ್ಚು ಹಿಡೀತು. ಹೆಸರು ದೊಡ್ಡದು, ನೋಡಿದ್ರ ಬೆರಳುದ್ದ ಪ್ಲಾಸ್ಟಿಕ್ ಮೀನ. ಗದ್ದದ ತೆಳಗ ಚಮಚದಂಗ ಒಂದು ಚಕ್ಕಿ, ಹೊಟ್ಟಿ ತೆಳಗ ಮೂರು ಮುಳ್ಳಿನ ಗಾಳ. ಕೋಲು ಬೀಸಿ ದೂರ ಒಗದು, ಗಿರಕಿ ತಿರುವಿ ದಾರ ಎಳದ್ರ ಅದು ನೀರಾಗ ಮುಳಗ್ತದ, ಬಾಲ ಅಲ್ಲಾಡಸ್ತದ. ಖರೇ ಮೀನ ಅಂತ ತಿಳಕೊಂಡು ದೊಡ್ಡ ಮೀನ ಬಾಯಿ ಹಾಕ್ತದ. ಇಷ್ಟೇ ಆಟ. ಜಗಳ ಇರೋದು ಕೋಲಿನ ಮ್ಯಾಲ. ಬಿದಿರಿಂದು ಇರ್ಬೇಕೋ, ಕಾರ್ಬನ್‌ದೋ, ಗ್ಲಾಸ್ ಫೈಬರ್‌ದೋ? ಬೀಗರನ್ನ ಮೀನಿನ ಊಟಕ್ಕ ಕರದ ಆ ಒಂದು ವಾರದಾಗ ಈ ಕೋಲಿನ ಫಿಕರ್‌ನಾಗ ನನಗ ನಿದ್ದಿ ಬರಲಿಲ್ಲ, ಅನ್ನ ಸೇರಲಿಲ್ಲ.

ಜೇವರ್ಗಿಯಾಗ ಆಡಿದ ಮಾತು

ಮಗಳನ್ನ ಜೇವರ್ಗಿಗೆ ಕೊಟ್ಟೇನಿ. ಬೀಗರು ತೊಗರಿ ವ್ಯಾಪಾರಿ. ಒಳ್ಳೆ ಮಂದಿ, ಖರೆ ಒಂದು ಕೆಟ್ಟ ಚಟ ಅದ. ಏನೂ ಮರಿಯಂಗಿಲ್ಲ. ಅವರ ಹಿರೇ ಸೊಸಿ ತವರಮನಿ ಆಳಂದ. ಆಕಿ ಮದವಿಯಾಗ ಬಿರ್ಯಾನಿಗೆ ಉಪ್ಪು ಹಾಕೋದು ಮರತಿದ್ರಂತ. ಈಗ ಆಕಿ ಮಕ್ಕಳು ಕಾಲೇಜಿಗೆ ಹೋಗ್ತಾವ. ಇವತ್ತಿಗೂ ಆ ಮನ್ಯಾಗ ಆಕಿ ಹೆಸರು "ಉಪ್ಪಿಲ್ಲದ ಮನಿಯಾಕಿ".

ಅಂಥಾ ಮನ್ಯಾಗ ಊಟಕ್ಕ ಕೂತು ನಾ ಮಾತಾಡಿದ್ನಿ.

"ಬೀಗ್ರ, ಮಟನ್ ಏನು ಯಾರಾದ್ರೂ ತಿನ್ನಸ್ತಾರ. ನಮ್ಮ ಮನಿಗೆ ಬರ್ರಿ. ಭೀಮಾ ನದಿ ಬಾಳಿ ಮೀನ ತಿನ್ನಸ್ತೇನಿ. ಪ್ಯಾಟಿದಲ್ಲ, ಈ ಕೈಲೆ ಹಿಡದದ್ದು. ಅದೂ ಪ್ಲಾಸ್ಟಿಕ್ ಮೀನ ತೋರಿಸಿ ಹಿಡದದ್ದು."

ಪರದೆ ಹಿಂದ ಮಗಳ ಗಾಜಿನ ಬಳಿ ಸಪ್ಪಳ ಆಯ್ತು. ಬ್ಯಾಡ ಅಬ್ಬಾ, ಬ್ಯಾಡ, ಅನ್ನೋ ಸಪ್ಪಳ. ಹತ್ತು ಮಾರು ದೂರದಿಂದ ಮೋಟರ್ ಸಪ್ಪಳ ತಿಳಿಯೋ ಮನಷ್ಯಾಗ ಬಳಿ ಸಪ್ಪಳ ತಿಳೀಲಿಲ್ಲ.

ಬೀಗರು ಕೈ ತೊಳಕೋತ ಅಂದ್ರು, "ಹಂಗಂದ್ರ ಬರೋ ಐತವಾರ ಬರ್ತೇವ್ರಿ. ಎಲ್ಲಾರೂ."

ಬಸ್‌ಸ್ಟ್ಯಾಂಡಿನ ತನಕ ಮಗಳು ಕಳಸಾಕ ಬಂದ್ಳು. ಮಾರಿ ಸಣ್ಣ ಮಾಡಿದ್ಳು.

"ಅಬ್ಬಾ, ನೀವು ಬಾಳಿ ಮೀನ ಹಿಡದೀರೇನು?"

"ಹಿಡಿಯೋದು ಏನು ದೊಡ್ಡ ಮಾತವ್ವ."

"ದೊಡ್ಡದೋ ಸಣ್ಣದೋ ಕೇಳಿಲ್ಲ. ಹಿಡದೀರೇನು ಅಂತ ಕೇಳಿದ್ನಿ. ನಾಳಿಂದ ನನಗ ಇಲ್ಲಿ 'ಮೀನಿಲ್ಲದ ಮನಿಯಾಕಿ' ಅಂದ್ರ ನಾ ಏನ್ ಮಾಡ್ಲಿ?"

ಅಷ್ಟರಾಗ ಬಸ್ಸು ಬಂತು. ಜಿಂದಗಿಯಾಗ ಅದೊಂದು ಸಲ ಬಸ್ಸು ಟೈಮಿಗೆ ಬಂತು ನೋಡ್ರಿ.

ಬಿದಿರು

ಮೋಟರ್ ಕಟ್ಟೋರಿಗೆ ಬಿದಿರಿನ ಮ್ಯಾಲ ಭರೋಸಾ ಜಾಸ್ತಿ. ತಾಮ್ರದ ತಂತಿ ಹೊರಗ ಬರಬಾರ್ದಂತ ನಾವು ಬಿದಿರಿನ ಚಕ್ಕಿ ಬಡಿದು ಕೂಡಸ್ತೇವಿ. ಅಂಥಾ ಕಾಯೋ ಮೋಟರ್‌ನಾಗ ತಡಕೊಳ್ಳೋ ಬಿದಿರಿಗೆ ಮೀನ ಏನು ಮಾಡ್ತದ? ಆಳಂದದಾಗ ಬುಟ್ಟಿ ಹೆಣಿಯೋರ ಹಂತ್ಯಾಕ ಹೋಗಿ ಉದ್ದನ್ನ ಗಳಾ ಆರಿಸಿದ್ನಿ. ಹಂಗೇ ಬಸ್ಸಿನಾಗ ತುರುಕಿದ್ನಿ. ಒಂದು ತುದಿ ಹಿಂದಿನ ಕಿಡಕಿಯಾಗ, ಇನ್ನೊಂದು ತುದಿ ಡ್ರೈವರ್ ಕಿವಿ ಹಂತ್ಯಾಕ.

ಕಂಡಕ್ಟರ್ ಅಂದ, "ಉಸ್ತಾದ, ಇದು ಬಸ್ಸೋ, ಮದವಿ ಹಂದರೋ?"

"ಮುಂದ ನೋಡಿ ಟಿಕೆಟ್ ಕೊಡೋ. ಇದು ಬೀಗರ ಮೀನಿನ ಕೋಲು."

ನಿಂಬರ್ಗಾ ದಾಟೋದ್ರಾಗ ಒಬ್ಬಾಕಿ ಕೋಲಿಗೆ ಮೆಂತೆ ಪಲ್ಯದ ಚೀಲ ತೂಗಹಾಕಿದ್ಳು. ಇನ್ನೊಬ್ಬ ಬುತ್ತಿ ಡಬ್ಬಿ ಹಾಕಿದ. ಒಬ್ಬ ಮುದುಕ ತೊಯ್ದ ಟಾವೆಲ್ ಒಣಗಹಾಕಿ ಕಣ್ಣು ಮುಚ್ಚಿದ. ಅಫಜಲಪೂರ ಬಂತು, ನಾ ಎದ್ದು ಕೋಲು ಎತ್ತಿದ್ನಿ. ಇಡೀ ಬಸ್ಸು ನನ್ನ ಮ್ಯಾಲ ಬಿತ್ತು.

"ಯಾಕ್ರಿ, ಅವಸರೇನು? ನಮ್ಮೂರು ಇನ್ನಾ ಬಂದಿಲ್ಲ!"

ಕಡೀಕ ನಾನೇ ಅವರೂರ ತನಕ ಹೋಗಿ ಇಳದು ತಿರಗಿ ಬಂದ್ನಿ.

ಮರದಿನ ಅದಕ್ಕ ಟೇಪ್ ಸುತ್ತಿ ಗಿರಕಿ ಕಟ್ಟಿ ನದಿಗೆ ವೈದ್ನಿ. ಬೀಸಿದ್ನಿ. ಕೋಲು ಹೋತು, ಪ್ಲಾಸ್ಟಿಕ್ ಮೀನ ಹೋಗಲಿಲ್ಲ. ಟಪ್ಪಂತ ಕಾಲಾಗ ಬಿತ್ತು. ಬಾಗದ ಕೋಲಿಗೆ ಹಗೂರ ವಸ್ತು ಒಗಿಯೋ ಶಕ್ತಿ ಇರಂಗಿಲ್ಲಂತ ಆಗ ತಿಳೀತು. ಇನ್ನಾ ಜೋರಲೆ ಬೀಸಿದ್ನಿ, ರಟ್ಟಿ ಹಿಡಕೊಂತು.

ಈಗ ನಮ್ಮಾಕಿ ಅದರ ಮ್ಯಾಲ ಬಟ್ಟಿ ಒಣಗಹಾಕ್ತಾಳ. "ಮೀನಿನ ಕೋಲು ಭಾಳ ಗಟ್ಟಿ ಬಂದದ್ರಿ" ಅಂತಾಳ.

ಮುಳ್ಳಿಲ್ಲದ ಸಾವ್ಕಾರ

ನದಿಗೆ ನನ್ನ ಜೋಡಿ ಬರೋರು ಒಬ್ರೇ. ಹಾರ್ಡ್‌ವೇರ್ ಅಂಗಡಿ ಸಾವ್ಕಾರ್ರು. ಹೆಸರು ಹೇಳಂಗಿಲ್ಲ. ಅಫಜಲಪೂರದಾಗ ಹಾರ್ಡ್‌ವೇರ್ ಅಂಗಡಿ ಭಾಳ ಅದಾವ, ನೀವೂ ಹುಡುಕಬ್ಯಾಡ್ರಿ. ಯಾಕಂದ್ರ ಅವರು ಲಿಂಗಾಯತರು, ಕೊರಳಾಗ ಲಿಂಗ, ತತ್ತಿ ಇಟ್ಟ ಅಂಗಡಿಯಾಗ ಬ್ರೆಡ್ಡೂ ತಗೊಳ್ಳದ ಮನಷ್ಯಾ. ಅಂಥಾವ್ರಿಗೆ ಈ ಪ್ಲಾಸ್ಟಿಕ್ ಮೀನ ಬೀಸೋ ಹುಚ್ಚು ನನಗಿಂತ ಜಾಸ್ತಿ.

ಬಿಸಲಾಗೂ ಮಂಕಿ ಕ್ಯಾಪ್ ಹಾಕ್ಕೊಂಡು ಬರ್ತಾರ.

"ಉಸ್ತಾದ್ರ, ನಮ್ಮ ಮಂದಿ ಯಾರೂ ಇಲ್ಲಲ್ಲ ಆ ಕಡೆ?"

"ಯಾರೂ ಇಲ್ರಿ. ಇದ್ರೂ, ಈ ಸೆಕಿಯಾಗ ಮಂಕಿ ಕ್ಯಾಪ್ ಹಾಕಿದವ್ರನ್ನ ನೋಡಿ ಓಡಿ ಹೋಗ್ತಾರ."

ಅವರ ಹಿಸಾಬೇ ಬ್ಯಾರೆ. ಎರಿಹುಳ ಚುಚ್ಚಿದ್ರ ಜೀವ ಹೋಗ್ತದ, ಪ್ಲಾಸ್ಟಿಕ್‌ಗೆ ಜೀವ ಇಲ್ಲ. ಮತ್ತ ಗಾಳದ ಮುಳ್ಳನ್ನೂ ಕಿತ್ತು ತಗದಬಿಟ್ಟಾರ. "ಬೀಸೋದು, ಎಳಿಯೋದು. ಮೀನಿಗೂ ಆಟ, ನಮಗೂ ಆಟ" ಅಂತಾರ. ಮೀನ ಬಂದು ಬಡೀತಂದ್ರ "ಶರಣು ಶರಣು" ಅಂತ ಕೈ ಮುಗೀತಾರ.

ಅವರ ಕೋಲು ಗ್ಲಾಸ್ ಫೈಬರ್‌ದು. ಹಿಡದ್ರ ತುದಿ ತೂಕಡಸ್ತದ.

ನಾ ಅಂದ್ನಿ, "ಇದು ಕೋಲಲ್ರಿ ಸಾವ್ಕಾರ್ರ, ಬೆಂದ ಶಾವಿಗಿ."

"ಅಲ್ರಿ ಉಸ್ತಾದ್ರ, ಈ ಥರದ್ದಕ್ಕ ಮೆತ್ತಂದೇ ಬೇಕ್ರಿ. ಬಿರುಸು ಕೋಲಿದ್ರ ಮೀನ ಬಾಯಿ ಹಾಕಿದ ಕೂಡ್ಲೆ ನಾವು ಕಸಗೋತೇವಿ. ಮೆತ್ತಂದಿದ್ರ ಅದು ಸಾವಕಾಶ ಬಾಗ್ತದ, ಮೀನಿಗೆ ಪೂರಾ ಬಾಯಿ ಹಾಕಾಕ ಟೈಮ್ ಸಿಗ್ತದ."

"ನಿಮ್ಮ ಇಡೀ ಖಾನದಾನದಾಗ ಯಾರಾರ ಮೀನ ಹಿಡದಾರೇನ್ರಿ?"

"ಬಸವಣ್ಣನ ದಯೆ, ಯಾರೂ ಇಲ್ರಿ."

"ಹಂಗಾದ್ರ ಸುಮ್ಮಕ ಕೂಡ್ರಿ."

ಸುಮ್ಮಕ ಕೂತ್ರು. ಕೂತಲ್ಲೇ ಬೀಸಿದ್ರು. ಅವರ ಪ್ಲಾಸ್ಟಿಕ್ ಮೀನ ನದಿ ನಡುವಿನ ಮಡುವಿನ ತನಕ ಹೋತು. ಇಡೀ ಮುಂಜಾನಿ ಮೀನ ಬಂದು ಬಂದು ಅವರದಕ್ಕೇ ಬಡದ್ವು. ಬಿದಿರಿಗೆ ಕಟ್ಟಿದ್ದ ನನ್ನ ಮುಳ್ಳಿನ ಮೀನಿಗೆ ಒಂದೂ ಬರಲಿಲ್ಲ. ಅವರು ಮುಗದ ಕೈ ತೆಳಗ ಇಳಿಸಲಿಲ್ಲ.

ಕರೇ ಕೋಲು

ನಾ ಮತ್ತೊಬ್ಬರ ಮಾತು ಕೇಳೋ ಜಾತಿ ಅಲ್ಲ. ಮೆತ್ತಂದು ಬೇಕು ಅಂದ್ರಲ್ಲ, ಅದಕ ಕಲಬುರ್ಗಿಗೆ ಹೋಗಿ ಎಲ್ಲಕ್ಕಿಂತ ಬಿರುಸಿಂದು ತಂದ್ನಿ. ಕಾರ್ಬನ್ ಕೋಲು. ಕರ್ರಗ, ಸಣ್ಣಗ, ಗರಿ ಹಂಗ ಹಗೂರ. ಅಂಗಡಿಯವ ಅಂದ, "ಚಾಚಾ, ನೀರಾಗ ಮೀನ ಆಕಳಿಸಿದ್ರೂ ನಿಮ್ಮ ಕೈಗೆ ಗೊತ್ತಾಗ್ತದ."

ನದಿಗೆ ಹೋಗೋ ದಾರಿ ತೊಗರಿ ಹೊಲದಾಗ ಹಾಯ್ತದ. ಅರ್ಧ ಹೊಲ ದಾಟಿದ ಮ್ಯಾಲ ತಲಿ ಎತ್ತಿದ್ನಿ. ಪಂಪ್‌ಸೆಟ್ ಲೈನಿನ ತಂತಿ ಜೋತು ಬಿದ್ದಿದ್ವು. ಕಾರ್ಬನ್ ಅಂದ್ರ ಏನಂತ ನನಗ ಗೊತ್ತಿಲ್ಲೇನು? ಮಿಕ್ಸರ್‌ನಾಗ, ಡ್ರಿಲ್‌ನಾಗ ಕಾರ್ಬನ್ ಹಾಕೋದೇ ಕರೆಂಟ್ ಹರೀಲಂತ. ಈ ಉದ್ದ ಕೋಲು ಆ ತಂತಿಗೆ ತಾಕಿದ್ರ ಬೀಗರು ಮೀನ ತಿನ್ನಾಕಲ್ಲ, ಮಣ್ಣಿಗೆ ಬರ್ತಾರ.

ಕೋಲು ನೆಲಕ್ಕ ಮಲಗಿಸಿ, ನಾನೂ ಮಲಗಿ, ತೊಗರಿ ಸಾಲಿನಾಗ ಅಂಬೆಗಾಲಲೆ ಹೊಂಟ್ನಿ. ಮಣಕಾಲು ತರಚಿತು. ಬೆವರು ಕಣ್ಣಾಗ ಇಳೀತು. ಮುಂದ ಕಸ ತೆಗಿಯಾಕತ್ತಿದ್ದ ಹೆಣಮಗಳೊಬ್ಬಾಕಿ ಸಾಲಿನಾಗ ನನ್ನ ತಲಿ ನೋಡಿ ಚಿಟ್ಟನ ಚೀರಿದ್ಳು.

"ಯವ್ವಾ! ಉಸ್ತಾದ್ರೇನ್ರಿ? ಏನಾಗ್ಯಾದ್ರಿ?"

"ಸುಮ್ಮನಿರವ್ವ! ಮ್ಯಾಲ ಕರೆಂಟ್ ಅದ!"

ಆಕಿ ಮ್ಯಾಲ ನೋಡಿದ್ಳು, ನನ್ನ ನೋಡಿದ್ಳು.

"ಕರೆಂಟ್ ಮುಂಜಾನಿನೇ ಹೋಗ್ಯಾದಲ್ರಿ. ಎದ್ದು ನಡೀರಿ."

ನಾ ಏಳಲಿಲ್ಲ. ನಮ್ಮ ಕಡೆ ಕರೆಂಟ್ ಹೋಗೋದು ಎಲ್ಲರಿಗೂ ಗೊತ್ತಾಗ್ತದ. ಬರೋದು ಅದರಪ್ಪಗೂ ಗೊತ್ತಿರಂಗಿಲ್ಲ.

ಮೊದಲನೇ ಮೀನ

ಅದೇ ದಿನ ಆ ಕರೇ ಕೋಲಿಗೆ ಮೀನ ಬಡೀತು. ಸುಳ್ಳಲ್ಲ. ಕೈಗೆ ಕರೆಂಟ್ ಹೊಡದಂಗ ಗೊತ್ತಾಯ್ತು. ನಾ ಎರಡೂ ಕೈಲೆ ಜಗ್ಗಿದ್ನಿ. ಬಿರುಸು ಕೋಲು, ಬಿರುಸು ಮನಷ್ಯಾ. ಮೀನಿನ ಬಾಯಾಗಿಂದ ಪ್ಲಾಸ್ಟಿಕ್ ಮೀನ ಕಿತಗೊಂಡು ಗುಂಡಿನಂಗ ಹಾರಿ ಬಂದು, ಮುಳ್ಳು ಸಮೇತ ನನ್ನ ಗಡ್ಡದಾಗ ಕೂತುಬಿಡ್ತು.

ಬಾಜೂಕ ಬೀಸಾಕತ್ತಿದ್ದ ಸಾವ್ಕಾರ್ರು ಅಂದ್ರು, "ಅದಕ ಹೇಳಿದ್ನಿ ಮೆತ್ತಂದು..."

"ಮೊದಲು ಇದನ್ನ ಬಿಡಸ್ರಿ!"

ಬಿಡಸಾಕ ಹೋದ್ರು. ಒಂದು ಮುಳ್ಳು ಬಿಟ್ಟಿತಂದ್ರ ಎರಡು ಸಿಕ್ಕೊಳ್ತಾವ. ತಮ್ಮ ಸ್ಕೂಟಿ ಡಿಕ್ಕಿಯಿಂದ ಪಕ್ಕಡ ತಂದ್ರು, ಕತ್ರಿ ತಂದ್ರು. ಕತ್ರಿ ನೋಡಿ ನಾ ಹಿಂದ ಸರದ್ನಿ.

"ಕತ್ರಿ ಒಳಗ ಇಡ್ರಿ! ಐತವಾರ ಬೀಗರು ಬರೋರು, ಅರ್ಧ ಗಡ್ಡ ಇಟ್ಕೊಂಡು ಕೂಡ್ಲೇನು?"

ಮಾರಿಗೆ ಟಾವೆಲ್ ಸುತ್ತಿ ಅವರ ಸ್ಕೂಟಿ ಹಿಂದ ಕೂತ್ನಿ. ಚೌಕಿನಾಗ ಚಾದಂಗಡಿಯವ ಕೂಗಿದ, "ಉಸ್ತಾದ, ಮೀನ ಸಿಕ್ಕಿತೇನು?"

ನಾ ಟಾವೆಲ್ ಇನ್ನಾ ಬಿಗಿ ಎಳಕೊಂಡ್ನಿ. ಸಾವ್ಕಾರ್ರು ಸುಳ್ಳು ಹೇಳೋರಲ್ಲ. ಸ್ಕೂಟಿ ನಿಲ್ಲಿಸಿ ಹೇಳಿದ್ರು, "ಇಲ್ರಿ. ಮೀನಿಗೇ ಉಸ್ತಾದ್ರು ಸಿಕ್ಕಾರ."

ಮನ್ಯಾಗ ನಮ್ಮಾಕಿ ಕೊಬ್ರಿ ಎಣ್ಣಿ ಹಚ್ಚಿ ಸಂಜಿತನಕ ಒಂದೊಂದೇ ಕೂದಲಾ ಬಿಡಿಸಿದ್ಳು. ಕಡೀಕ ಪ್ಲಾಸ್ಟಿಕ್ ಮೀನ ಅಂಗೈಯಾಗ ಇಟ್ಕೊಂಡು ಹೊಳ್ಳಿಸಿ ಮಳ್ಳಿಸಿ ನೋಡಿ ಕೇಳಿದ್ಳು, "ಇಷ್ಟಕ್ಕ ಮಸಾಲಿ ಎಷ್ಟು ಅರೀಲ್ರಿ?"

ಶನಿವಾರದ ಫೋನು

ಶನಿವಾರ ಮಗಳ ಫೋನು ಬಂತು. ಪಿಸುಮಾತು.

"ಅಬ್ಬಾ, ಜೀಪ್ ಹೇಳ್ಯಾರ. ಅತ್ತಿ ತಮ್ಮ ಮನಿ ಹುಣಚಿಹಣ್ಣೇ ಕಟಗೊಂಡಾರ, ನಿಮ್ಮ ಕಡಿದು ಹುಳಿ ಸಾಲಂಗಿಲ್ಲಂತ. ಮಾಮಾ ಎರಡು ದಿನದಿಂದ ಮೀನಿನ ಮಾತೇ ಆಡಾಕತ್ತಾರ. ಸಿಕ್ಕದೇನು?"

"ನದ್ಯಾಗ ಅದ."

"ನದ್ಯಾಗ ಇರೋದು ನನಗೂ ಗೊತ್ತದ!"

ಹಿಂದ ಯಾರೋ ನಕ್ಕಿದ್ದು ಕೇಳಿಸ್ತು. ಹಿರೇ ಸೊಸಿ, ಆ ಉಪ್ಪಿಲ್ಲದ ಮನಿಯಾಕಿ. ಪಾಪ, ತನಗೂ ಒಬ್ಬಾಕಿ ಜೋಡಿ ಸಿಗ್ತಾಳಂತ ಖುಷಿ ಇರ್ಬೇಕು.

ನಮ್ಮಾಕಿ ಅಂದ್ಳು, "ಸುಮ್ಮಕ ಮೀನ ಮಾರ್ಕೆಟ್‌ನಾಗ ತರ್ರಿ."

"ಪ್ಯಾಟಿದಲ್ಲ ಅಂತ ಅಂದೇನಿ."

"ಮೀನಿನ ಮ್ಯಾಲ ಬರದಿರ್ತದೇನು?"

"ನನ್ನ ಮಾರಿ ಮ್ಯಾಲ ಬರದಿರ್ತದ."

ಖರೆ ಮಾತು ಅದು. ಮೋಟರ್ ಬಗ್ಗೆ ನಾ ಎಷ್ಟು ಬೇಕಾದ್ರೂ ಕೊಚ್ಚಿಕೊಳ್ತೇನಿ, ಯಾಕಂದ್ರ ಕೆಲಸ ಬರ್ತದ. ಸುಳ್ಳು ಹೇಳಿದ್ರ ನನ್ನ ಎಡಗಡೆ ಹುಬ್ಬು ಕುಣೀತದ, ಬೀಗರು ಅದನ್ನೂ ಮರಿಯಂಗಿಲ್ಲ.

ಐತವಾರ

ನಸಕಿನಾಗೇ ನದಿ ದಂಡ್ಯಾಗ ಇದ್ನಿ. ಗಾಣಗಾಪುರದ ಸಂಗಮದ ಕಡೆ ನಾವು ಹೋಗಂಗಿಲ್ಲ, ಅಲ್ಲಿ ಮಂದಿ ಪುಣ್ಯಕ್ಕ ಮುಳಗ್ತಾರ, ನಡುವ ನಮ್ಮ ಪ್ಲಾಸ್ಟಿಕ್ ಮೀನ ಮುಳಗಬಾರ್ದು. ದೂರ ತೆಳಗ ಒಂದು ಮಡು ಅದ, ಅಲ್ಲೇ ನಮ್ಮ ಠಿಕಾಣಿ. ಸಾವ್ಕಾರ್ರೂ ಬಂದ್ರು, ಮಂಕಿ ಕ್ಯಾಪ್ ಸಮೇತ.

ಕರೇ ಕೋಲಿಗೆ ಎರಡು ಸಲ ಬಡೀತು, ಎರಡೂ ಸಲ ಜಗ್ಗಿ ಕಳಕೊಂಡ್ನಿ. ಬಿಸಲು ಏರಿತು. ಬೀಗರ ಜೀಪು ಜೇವರ್ಗಿ ಬಿಟ್ಟಿರ್ತದ ಅನ್ನೋ ಹೊತ್ತಿಗೆ ನನ್ನ ಬಾಯಾಗಿಂದ ಬರಬಾರ್ದ ಮಾತು ಬಂತು.

"ಸಾವ್ಕಾರ್ರ... ಆ ಶಾವಿಗಿ ಸ್ವಲ್ಪ ಕೊಡ್ರಿ."

ಪುಣ್ಯಾತ್ಮ ಗ್ಲಾಸ್ ಕೋಲು ಕೈಗೆ ಕೊಟ್ರು. ಕೈ ಖಾಲಿ ಆದ್ವು, ಸುಮ್ಮಕ ಕೂಡಾಕ ಆಗಲಿಲ್ಲ. ನನ್ನ ಕರೇ ಕೋಲು ಎತಗೊಂಡ್ರು.

"ಉಸ್ತಾದ್ರ, ಇದರ ಮುಳ್ಳು ತಗದೀರಿಲ್ಲೋ?"

ನಾ ನೀರು ನೋಡಾಕತ್ತಿದ್ನಿ. "ಹೂಂ ಹೂಂ" ಅಂದ್ನಿ.

ಗ್ಲಾಸ್ ಕೋಲಿಗೆ ಮೀನ ಬಡೀತು. ಕೋಲು ಬಾಗಿತು, ಮೆತ್ತಗ, ಚೆಂದಗ. ನಾ ಉಸಿರು ಹಿಡದ್ನಿ. ಬಿಟ್ಟು ಹೋತು. ಮತ್ತ ಬಡೀತು, ಮತ್ತ ಬಿಟ್ಟು ಹೋತು. ಏನು ದರಿದ್ರ ಕೋಲಪಾ ಅಂತ ಬೈಕೋತ ದಾರ ಎಳದು ಪ್ಲಾಸ್ಟಿಕ್ ಮೀನ ಹೊಳ್ಳಿಸಿ ನೋಡಿದ್ನಿ. ಹೊಟ್ಟಿ ತೆಳಗ ಬೋಳು. ಮುಳ್ಳೇ ಇಲ್ಲ! ಸಾವ್ಕಾರ್ರು ಮುಳ್ಳು ಕಿತ್ತಿದ್ದು ಫಿಕರ್‌ನಾಗ ಮರತೇ ಹೋಗಿತ್ತು.

ಹಂಗಾದ್ರ ಮುಳ್ಳಿದ್ದದ್ದು ಯಾರ ಕೈಯಾಗ ಅದ?

"ಉಸ್ತಾದ್ರ!" ಅಂತ ಚೀರಿದ್ರು ಸಾವ್ಕಾರ್ರು. "ಇದು ನನ್ನ ಎಳ್ಯಾಕತ್ತದ್ರಿ!"

ತಿರಗಿ ನೋಡಿದ್ರ ಮನಷ್ಯಾ ಮಣಕಾಲ ತನಕ ನೀರಾಗ. ಮೀನ ಎಳದಂಗ ಹಿಂದ ಹಿಂದ ಹೊಂಟಾರ.

"ಜಗ್ರಿ ಸಾವ್ಕಾರ್ರ!"

"ಜಗ್ಗಿದ್ರ ಪಾಪ ಬರ್ತದ್ರಿ!"

"ಹಂಗಾದ್ರ ನಿಲ್ರಿ!"

"ನಿಂತ್ರ ಅದಕ್ಕ ನೋವಾಗ್ತದ್ರಿ!"

"ಹಂಗಾದ್ರ ಕೋಲು ಬಿಡ್ರಿ!"

"ಕೋಲು ನಿಮ್ಮದದ! ಹ್ಯಾಂಗ ಬಿಡ್ಲಿ!"

ನೀರು ಟೊಂಕಕ್ಕ ಬಂತು. ಮಡು ಮುಂದೇ ಅದ, ಅವರಿಗೆ ಈಸು ಬರಂಗಿಲ್ಲ. ಮೀನ ಹೋದ್ರ ಮಗಳ ಇಜ್ಜತ್ ಹೋಗ್ತದ, ಸಾವ್ಕಾರ್ರು ಹೋದ್ರ ಅವರ ಮನಿಯಾಕಿಗೆ ಏನು ಹೇಳ್ಲಿ? ಓಡಿ ಹೋಗಿ ಅವರ ಧೋತರದ ಕಚ್ಚಿ ಹಿಡದ್ನಿ, ಇನ್ನೊಂದು ಕೈಲೆ ಕೋಲು ಹಿಡದ್ನಿ, ಎರಡನ್ನೂ ದಂಡಿಗೆ ಎಳದ್ನಿ. ಮೊದಲು ಸಾವ್ಕಾರ್ರು ಬಂದ್ರು, ಆಮ್ಯಾಲ ಮೀನ ಬಂತು. ಬಾಳಿ ಮೀನ! ನನ್ನ ತೋಳಿನಷ್ಟು ಉದ್ದ. ಬಿರುಸು ಕೋಲೇ ಆಗಿದ್ರೂ ಮುಳ್ಳು ಕಿತಗೊಂಡು ಬಂದಿರಲಿಲ್ಲ. ಯಾಕಂದ್ರ ಸಾವ್ಕಾರ್ರು ಒಂದ್ಸಲನೂ ಜಗ್ಗಿರಲಿಲ್ಲ.

ಅವರು ಮರಳಾಗ ಕೂತು ಧೋತರ ಹಿಂಡಾಕತ್ತಿದ್ರು. "ಬಿಟ್ಟಬಿಡ್ರಿ ಅದನ್ನ."

"ಬಿಟ್ರ ನನ್ನ ಮಗಳು ಸಾಯೋತನಕ ಮೀನಿಲ್ಲದ ಮನಿಯಾಕಿ ಆಗ್ತಾಳ್ರಿ."

ಅವರೂ ಮಗಳನ್ನ ಕೊಟ್ಟ ಮನಷ್ಯಾ. ಭಾಳ ಹೊತ್ತು ಮೀನ ನೋಡಿದ್ರು. ಆಮ್ಯಾಲ ಮಂಕಿ ಕ್ಯಾಪ್ ಕಣ್ಣಿನ ತನಕ ಎಳಕೊಂಡ್ರು.

"ನಾ ಏನೂ ನೋಡಿಲ್ರಿ. ನಿಮ್ಮ ಕಾಲ ಬೀಳ್ತೇನಿ, ನಾ ಹಿಡದ್ನಿ ಅಂತ ಯಾರಿಗೂ ಹೇಳಬ್ಯಾಡ್ರಿ."

"ನಿಮ್ಮ ಕಾಲ ಬೀಳ್ತೇನಿ," ಅಂದ್ನಿ ನಾ, "ನಾ ಹಿಡೀಲಿಲ್ಲ ಅಂತ ಯಾರಿಗೂ ಹೇಳಬ್ಯಾಡ್ರಿ."

ಮತ್ತ ನೋಡ್ರಿ, ಕೋಲು ನಂದು, ದಾರ ನಂದು, ಮುಳ್ಳು ನಂದು, ದಂಡಿಗೆ ಎಳದವ ನಾ. ನಡುವ ಕೈ ಅಷ್ಟೇ ಅವರವು. ಅದಕ್ಕ ಹುಬ್ಬು ಕುಣಿಯೋ ಅಂಥಾದ್ದೇನಿಲ್ಲ.

ಬೀಗರ ಊಟ

ಬೀಗರು ಬಂದ್ರು, ಜೀಪು ತುಂಬ. ಮೀನ ನೋಡಿ ಬೀಗರ ಮಾರಿ ಅರಳಿತು. ಬೀಗಿತ್ತಿ ತಮ್ಮ ಹುಣಚಿಹಣ್ಣು ಬಿಚ್ಚಲೇ ಇಲ್ಲ, ನಮ್ಮಾಕಿ ಸಾರಿಗೆ ಎರಡು ಸಲ ಕೈ ಚಾಚಿದ್ರು. ಮಗಳು ರೊಟ್ಟಿ ಹಾಕೋತ ನನ್ನ ಕಡೆ ನೋಡಿದ್ಳು. ಬಳಿ ಸಪ್ಪಳ ಈ ಸಲ ನನಗ ತಿಳೀತು.

ಊರಾಗ ಬೀಗರು ಬಂದ್ರ ಓಣ್ಯಾಗಿನ ದೊಡ್ಡವ್ರನ್ನ ಕರೀಲಿಲ್ಲಂದ್ರ ಹ್ಯಾಂಗ? ಸಾವ್ಕಾರ್ರೂ ಬಂದು ದೂರ ಕಟ್ಟಿ ಮ್ಯಾಲ ಕೂತಿದ್ರು. ಅವರ ಮನಿಯಿಂದಲೇ ಬಂದ ಮಜ್ಜಿಗಿ ಗಿಲಾಸ ಕೈಯಾಗ. ಮಾರಿ ಬಿಳೇದಾಗಿತ್ತು.

ಬೀಗರು ಕೇಳಿದ್ರು, "ಸಾವ್ಕಾರ್ರ, ನೀವು ದಿನಾ ನದಿಗೆ ವಾಯುವಿಹಾರಕ್ಕ ಹೋಗ್ತೀರಂತಲ್ರಿ. ಇದು ಹಿಡಿಯೋ ಮುಂದ ನೀವು ಅಲ್ಲೇ ಇದ್ರೇನ್ರಿ?"

ನಾ ಎತ್ತಿದ ತುತ್ತು ತಾಟಿನಾಗ ಇಟ್ನಿ. ಸಾವ್ಕಾರ್ರು ಸುಳ್ಳು ಹೇಳೋರಲ್ಲ.

"ಇದ್ನಿರಿ," ಅಂದ್ರು. "ಭಾಳ ಹಂತ್ಯಾಕ ಇದ್ನಿ."

"ಎಂಥಾ ಕೋಲಲೆ ಹಿಡದ್ರು?"

ಅವರು ನನ್ನ ನೋಡಿದ್ರು. ಮಾತು ಬ್ಯಾರೆ ಕಡೆ ಹೋಗೋಕಿಂತ ಮೊದಲ ನಾ ಎದಿ ಉಬ್ಬಿಸಿ ನಡುವ ಬಾಯಿ ಹಾಕಿದ್ನಿ, "ಕೋಲು ಬಿದಿರಿಂದಿರ್ಲಿ, ಕಾರ್ಬನ್‌ದಿರ್ಲಿ, ಗ್ಲಾಸಿಂದಿರ್ಲಿ ಬೀಗ್ರ. ಕೋಲಿನಾಗ ಏನಿಲ್ಲ. ಹಿಡಿಯೋ ಕೈ ಮುಖ್ಯ!"

ಬೀಗರು ತೊಡಿ ತಟ್ಟಿದ್ರು. "ಶಾಬಾಸ್! ಹಂಗಾದ್ರ ಬರೋ ಐತವಾರ ಆ ಕೈ ಜೇವರ್ಗಿಗೆ ಬರ್ಲಿ. ನಮ್ಮ ಕಡೆನೂ ಭೀಮಾ ಅದ. ನಮ್ಮ ಊರ ಮಂದಿ ಎಲ್ಲಾರೂ ದಂಡ್ಯಾಗ ನಿಂತು ನೋಡ್ತಾರ!"

ಕಟ್ಟಿ ಮ್ಯಾಲಿಂದ ಮಜ್ಜಿಗಿ ಗಿಲಾಸ ಧಡಲ್ಲಂತ ನೆಲಕ್ಕ ಬಿತ್ತು.

ಬೀಗರು ಗಾಬರಿಯಾಗಿ ಕೇಳಿದ್ರು, "ಅವರಿಗೇನಾಯ್ತ್ರಿ?"

"ಏನಿಲ್ಲ ಬಿಡ್ರಿ ಬೀಗ್ರ," ಅಂದ್ನಿ, "ಅವರಿಗೆ ಮೀನಂದ್ರ ಆಗಂಗಿಲ್ಲ."